ಸಮಜಾಯಿಷಿ

ಮಾನ್ಯ ಪೌರಾಯುಕ್ತರೆ,
ತಮ್ಮ ನೋಟಿಸು ನಿನ್ನೆ ಸಂಜೆ ತಲುಪಿದೆ.
ಧ್ವಜ ಏರುವಾಗ ಚುರುಕು, ಇಳಿಯುವಾಗ ನಿಧಾನ
ಎಂಬ ನಿಯಮ ಈ ಶಾಖೆಗೆ ಗೊತ್ತಿಲ್ಲದ್ದಲ್ಲ.
ಆ ಸುತ್ತೋಲೆಗೆ ಕನ್ನಡ ಬರೆದವಳೇ ನಾನು,
ಚುರುಕಾಗಿ ಅನ್ನಲೋ ಲವಲವಿಕೆಯಿಂದ ಅನ್ನಲೋ ಎಂದು
ಒಂದು ಮಧ್ಯಾಹ್ನವಿಡೀ ಪೆನ್ನು ಕಚ್ಚಿ ಕೂತವಳು.

ಅರಸೀಕೆರೆ ನಗರಸಭೆಯ ಕಂಬ ಮೂವತ್ತೆರಡು ಅಡಿ.
ಬುಡಕ್ಕೆ ಸುಣ್ಣ, ಮೇಲೆ ಬೆಳ್ಳಿಬಣ್ಣ,
ರಾಟೆಗೆ ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ.
(ಗ್ರೀಸಿಗೆ ಲೆಕ್ಕಶೀರ್ಷಿಕೆ ಇಲ್ಲ. ಎಣ್ಣೆಗೆ ನಮ್ಮೂರಲ್ಲಿ ಬರವೇ?)
ಕೇಸರಿ ಮೇಲೆ. ಬಲಕ್ಕೆ ಬೇರೆ ಬಾವುಟ ಕೂಡದು.
ಹರಿದದ್ದು, ಮಾಸಿದ್ದು ಏರಿಸಕೂಡದು;
ಅಂಥದ್ದನ್ನು ಮರೆಯಲ್ಲಿ, ಮರ್ಯಾದೆಯಿಂದ ಸುಡಬೇಕು.
ಆಟೋ ಸಂಘದವರು, ಆಮೇಲೆ ಕ್ರಿಕೆಟ್ ತಂಡದವರು
ನಮ್ಮ ಬಾವುಟಕ್ಕೂ ಒಂದು ದಿನ ಕೊಡಿ ಅಂದಾಗ
ಅವಕಾಶವಿರುವುದಿಲ್ಲ ಎಂದು ಬರೆದದ್ದೂ ನಾನೇ.
ಇಷ್ಟೂ ನಡೆದಿದೆ. ರಿಜಿಸ್ಟರು ಲಗತ್ತಿಸಿದೆ.

ಬಾವುಟ ಕಟ್ಟುವವನು ಜವರಾಯಿ,
ಕಂತೇನಹಳ್ಳಿ ಲೈನಿನ ವಾಲ್ವ್‌ಮನ್.
ಆರು ದಿನಕ್ಕೊಮ್ಮೆ ಬರುವ ನೀರನ್ನು
ಬೀದಿ ಬೀದಿಗೆ ಹಂಚಿ ಕೈ ಪಳಗಿದವನು.
ಹಬ್ಬದ ದಿನ ಅವನು ಹಾಕುವ ಜೀರುಕುಣಿಕೆ
ಅಧ್ಯಕ್ಷರ ಒಂದೇ ಜಗ್ಗಿಗೆ ಬಿಚ್ಚಿಕೊಂಡು
ಸೇವಂತಿಗೆ ಎಸಳು ಉದುರಿಸುತ್ತದೆ.
ಹನ್ನೊಂದು ವರ್ಷ, ಎಂಟು ಅಧ್ಯಕ್ಷರು,
ಒಂದು ಸಲವೂ ಗಂಟು ಕೈಕೊಟ್ಟಿಲ್ಲ.

ಆ ಎಸಳು ಬಳಿಯುತ್ತಿದ್ದವಳು ಓಬಳಮ್ಮ.
ಭಾಷಣ ಮುಗಿದು, ಬೂಂದಿ ಪೊಟ್ಟಣ ಹಂಚಿ,
ಫೋಟೋದವನೂ ಹೋದ ಮೇಲೆ
ಪೊರಕೆ ಪಕ್ಕಕ್ಕಿಟ್ಟು, ಕೈಯಲ್ಲೇ ಬಳಿದು,
ಸೆರಗಲ್ಲಿ ತುಂಬಿ ಹೊಂಗೆಮರದ ಬುಡಕ್ಕೆ ಸುರಿಯೋಳು.
"ಬಾವುಟದ ವಟ್ಟೇಲಿದ್ದ ಹೂವು ಕಣವ್ವ,
ಕಸದ ಗಾಡಿಗೆ ಹಾಕ್ಬಾರ್ದು."
ಇದು ಯಾವ ಸಂಹಿತೆಯಲ್ಲೂ ಇಲ್ಲ. ಹುಡುಕಿದ್ದೇನೆ.
ಇಪ್ಪತ್ತಾರು ವರ್ಷ ಗುಡಿಸಿದಳು. ಖಾಯಂ ಆಗಲಿಲ್ಲ.
ಆ ಕಡತ ನನ್ನದೇ ಮೇಜಿನ ಎಡಬದಿಯಲ್ಲಿದೆ;
ಅದಕ್ಕೂ ಯಾರಾದರೂ ಸಮಜಾಯಿಷಿ ಕೇಳಿದ್ದರೆ
ಏನು ಬರೆಯುತ್ತಿದ್ದೆನೋ.

ಹೋದ ಬುಧವಾರ, ಬೆಳಗಿನ ಜಾವ,
ಹುಳಿಯಾರು ರಸ್ತೆ ಗುಡಿಸುತ್ತಾ ಹಾಗೇ ಕೂತಳಂತೆ.
ಕೂತವಳು ಏಳಲಿಲ್ಲ.

ಅರ್ಧಕ್ಕೆ ಹಾರಿಸುವ ಪಟ್ಟಿ ನನಗೆ ಬಾಯಿಪಾಠ.
ಯಾರು ತೀರಿಕೊಂಡರೆ ದೇಶವೆಲ್ಲ, ಯಾರಾದರೆ ದೆಹಲಿ,
ಯಾರಾದರೆ ಆ ರಾಜ್ಯದ ರಾಜಧಾನಿ ಮಾತ್ರ.
ಪಟ್ಟಿ ಮೆಟ್ಟಿಲು ಮೆಟ್ಟಿಲು ಇಳಿದು ನಿಲ್ಲುವ ಜಾಗದಿಂದ
ಹುಳಿಯಾರು ರಸ್ತೆ ಬಹಳ ದೂರ.

ಸೂರ್ಯೋದಯ ಆರು ಮೂವತ್ತೊಂದು.
ಮಾಲೇಕಲ್ಲು ಬೆಟ್ಟಕ್ಕೆ ಆಗತಾನೆ ಬಿಸಿಲು ತಾಗಿತ್ತು.
ಸ್ಟೇಷನ್ನಿನಾಚೆ ಯಾವುದೋ ರೈಲು ಸಿಗ್ನಲ್ಲಿಗಾಗಿ ಕೂಗುತ್ತಿತ್ತು.
ಜವರಾಯಿ ಎಳೆದ. ಬಾವುಟ ಮೊದಲು ತುದಿ ಮುಟ್ಟಿತು,
ಅದೇ ಕ್ರಮ, ಪುಟ ಹದಿನಾಲ್ಕು.
ಆಮೇಲೆ ಅರ್ಧಕ್ಕೆ ಬಂತು.
ಅಲ್ಲಿ ನಿಂತಿತು.

"ಏನಾಯ್ತೋ?" ಅಂದೆ.
"ಹಗ್ಗ ಜಾರ್ತು ಕಣಕ್ಕ" ಅಂದ,
ಅದೇ ಹಗ್ಗವನ್ನು ಮುಂಗೈಗೆ
ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡು.
ಎದುರಿನ ಜೆರಾಕ್ಸ್ ಅಂಗಡಿಯವರ ವಿಡಿಯೋ ಪ್ರಕಾರ
ಒಂದು ನಿಮಿಷ ನಲವತ್ತು ಸೆಕೆಂಡು.
ನಾನು ಚಪ್ಪಲಿ ಬಿಟ್ಟು ನಿಂತದ್ದೂ ಅದರಲ್ಲಿ ಕಾಣುತ್ತದೆ.
ಕಾಲಿಗೆ ಕಲ್ಲು ಸಿಕ್ಕಿತ್ತು.

ಮತ್ತೆ ಸರಸರನೆ ಏರಿತು, ನಿಯಮದಂತೆ.
ಜವರಾಯಿ ಸೈಕಲ್ ಹತ್ತಿ ವಾಲ್ವ್ ತಿರುಗಿಸಲು ಹೋದ.
ಅವತ್ತು ಅವಳ ಬೀದಿಯ ಸರದಿಯಲ್ಲ;
ಆದರೂ ಮೈ ತೊಳೆಯುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತಂತೆ.
ಅದು ನೀರು ಸರಬರಾಜು ಶಾಖೆಯ ವಿಷಯ,
ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಆದ್ದರಿಂದ, ಮಾನ್ಯರೆ,
ಹಗ್ಗ ಹಳತಾಗಿ ಜಾರಿದ್ದೆಂದು ದಾಖಲಿಸಿಕೊಂಡು
ನೌಕರನ ಮೇಲಿನ ಕ್ರಮ ಕೈಬಿಟ್ಟು
ಎಪ್ಪತ್ತು ಅಡಿ ಹೊಸ ಹಗ್ಗ ಮಂಜೂರು ಮಾಡಬೇಕಾಗಿ ಕೋರಿಕೆ.

ಹಳೇ ಹಗ್ಗ ನೋಡಿದೆ. ಒಂದು ಎಳೆಯೂ ಸವೆದಿಲ್ಲ.
(ಈ ಸಾಲು ಶುದ್ಧಪ್ರತಿಯಲ್ಲಿ ಬೇಡ.)